ಕಡ್ಡಿ ಇಟ್ಟ ಗುಳಿ

ಅದು ಶುರುವಾದದ್ದು ಶಿವರಾತ್ರಿ ಕಳೆದು ಚಳಿ ಬಿಟ್ಟ ದಿನಗಳಲ್ಲಿ, ಬೆಳಗ್ಗೆ ಮಕ್ಕಳು ಗಂಜಿ ಕುಡಿದು ಬಟ್ಟಲು ಉಜ್ಜಿಡುವ ಹೊತ್ತಿನಲ್ಲಿ.

ಆ ಶಾಲೆಯಲ್ಲಿ ಬಟ್ಟಲು ತೊಳೆಯುತ್ತಿರಲಿಲ್ಲ. ಒಣ ಮರಳು ಹಾಕಿ ಉಜ್ಜಿ, ಚಿಂದಿ ಬಟ್ಟೆಯಲ್ಲಿ ಒರೆಸಿ ಬೋರಲು ಹಾಕುವುದು. ಒಂದನೇ ಕ್ಲಾಸಿನ ಕೂಸಿಗೂ ಆ ಕೆಲಸ ಬರುತ್ತಿತ್ತು. ಹನಿ ನೀರು ಚೆಲ್ಲದೆ ಊಟ ಮುಗಿಸಿದ ಮಗುವಿನ ಕೈಮೇಲೆ ಜಸಿಂತಾ ಟೀಚರ್ ಒಂದು ಸುಣ್ಣದ ಚುಕ್ಕೆ ಇಡುತ್ತಿದ್ದರು. ಕೈ ತೊಳೆಯುವುದೂ ವಾರಕ್ಕೊಮ್ಮೆಯೇ ಆದ್ದರಿಂದ ಚುಕ್ಕೆ ಅಳಿಸುವ ಭಯವಿರಲಿಲ್ಲ. ಯಾರ ಕೈಯಲ್ಲಿ ಹೆಚ್ಚು ಚುಕ್ಕೆಯೋ ಅವರು ಶನಿವಾರ ಕಥೆಯ ಹೊತ್ತಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂರಬಹುದು.

ಅಜ್ಜಿ ಅಂದರೆ ಸೊಣ್ಣಮ್ಮ. ಗಣಿಯ ಮೂರನೇ ಸುರಂಗದ ಸಾಲುಮನೆಯವಳು. ಓದು ತಲೆಗೆ ಹತ್ತಿದವಳಲ್ಲ, ಆದರೆ ಮೇಲಿನ ಭೂಮಿಯಲ್ಲಿ ಹುಟ್ಟಿ ಬೆಳೆದು ಕೆರೆ, ಹುಣಸೆತೋಪು, ಮಳೆ ಎಲ್ಲ ಕಣ್ಣಲ್ಲಿ ಕಂಡವಳು. ಮಕ್ಕಳಿಗೆ ಅದೆಲ್ಲ ಕಥೆಯೇ. ಅದಕ್ಕೇ ಶಾಲೆಯವರು ಅವಳನ್ನು ಕರೆದು ಕೂರಿಸಿದ್ದರು. ಇದ್ದದ್ದನ್ನು ಹೇಗೆ ಬಳಸಬೇಕು, ಹೇಗೆ ಉಳಿಸಬೇಕು ಅನ್ನುವುದನ್ನು ಅಲ್ಲಿ ಪುಸ್ತಕದಲ್ಲಿ ಕಲಿಸುತ್ತಿರಲಿಲ್ಲ. ಚಮಚದಲ್ಲಿ ನೀರು ಹಿಡಿದು ಸುರಂಗದ ಆ ತುದಿಗೆ ನಡೆಯುವ ಆಟ, ಹರಿದ ಬಟ್ಟೆಯಲ್ಲಿ ಯಾರು ಹೆಚ್ಚು ಸಾಮಾನು ಮಾಡುತ್ತಾರೆ ಅನ್ನುವ ಆಟ, ಆಮೇಲೆ ಅಜ್ಜಿಯ ಕಥೆ. ಎಲ್ಲಕ್ಕಿಂತ ಹೆಚ್ಚಾಗಿ ಅಳಗುಳಿಮಣೆ. ಶಾಲೆಯಲ್ಲಿ ಐದಾರು ಮಣೆ ಇದ್ದವು. ಮರದವಲ್ಲ, ಬಿಳೀ ತಗಡಿನವು, ನೆಲಕ್ಕೆ ಬಿಗಿದಿದ್ದವು. ಈ ಕಡೆ ಏಳು ಗುಳಿ, ಆ ಕಡೆ ಏಳು ಗುಳಿ. ಹುಣಸೆ ಬೀಜಗಳಲ್ಲಿ ಮಾತ್ರ ಏನೂ ಹೊಸತನವಿರಲಿಲ್ಲ. ಮೇಲಿನಿಂದ ಇಳಿದು ಬರುವಾಗ ಯಾರೋ ಗಂಟಿನಲ್ಲಿ ತಂದವು, ಮಕ್ಕಳ ಕೈಯಲ್ಲಿ ಸವೆದು ಕರ್ರಗೆ ಮಿಂಚುತ್ತಿದ್ದವು.

ಆ ಬೆಳಗ್ಗೆ ತಬಸ್ಸುಮ್ ಮಣೆಯಿಂದ ತಲೆಯೆತ್ತಿ ಕೂಗಿದಳು. ಐದನೇ ಸಾಲಿನ ಹುಡುಗಿ, ಮೂರನೇ ಕ್ಲಾಸು. ಆಟದಲ್ಲಿ ಯಾರೂ ಒಂದು ಬೀಜ ಆಚೀಚೆ ಮಾಡಲು ಬಿಡದವಳು. ಹುಡುಗರೂ ಅವಳ ಮಾತಿಗೆ ಹೆದರುತ್ತಿದ್ದರು.

"ಅಜ್ಜಿ, ಬೀಜ ಕಮ್ಮಿ ಬಿದ್ದಿದೆ. ಯಶೋದಿಯ ಗುಳಿಗಳಿಗೆಲ್ಲ ಐದೈದು ಹಾಕಿದ್ರೆ ಈ ಕೊನೇ ಗುಳಿಗೆ ಎರಡೇ ಉಳೀತವೆ. ಏನ್ ಮಾಡೋದು?"

ಯಶೋದಿ ಸೊಣ್ಣಮ್ಮನ ತಂಗಿಯ ಮೊಮ್ಮಗಳು, ಹನ್ನೊಂದನೇ ಸಾಲು. ಸೋಲುತ್ತಿದ್ದವಳು ಅವಳೇ. ಸೋತರೂ ನಗುವ ಹುಡುಗಿ.

ಸೊಣ್ಣಮ್ಮನಿಗೆ ತನ್ನ ಅಜ್ಜಿಯ ಜಗಲಿ ನೆನಪಾಯಿತು. "ತುಂಬದ ಗುಳಿ ಆಟಕ್ಕಿಲ್ಲ ಮಗಾ" ಅಂದಳು. "ಅದರ ಮೇಲೆ ಒಂದು ಕಡ್ಡಿ ಅಡ್ಡ ಇಡೋದು. ಕಡ್ಡಿ ಇಟ್ಟ ಗುಳಿಗೆ ಯಾರೂ ಬೀಜ ಹಾಕೋ ಹಂಗಿಲ್ಲ. ದಾಟಿಕೊಂಡು ಹೋಗಬೇಕು. ನಾವೆಲ್ಲ ಆಡ್ತಿದ್ದದ್ದು ಹಂಗೇ."

"ಆ ಎರಡು ಬೀಜ?"

"ಪಕ್ಕದಲ್ಲಿಡು. ಮುಂದಿನ ಆಟದಲ್ಲಿ ಗೆದ್ದು ಐದು ಮಾಡ್ಕೊಂಡ್ರೆ ಕಡ್ಡಿ ತೆಗೀತಾಳೆ."

ತಬಸ್ಸುಮ್‌ಗೆ ಬಹಳ ಖುಷಿಯಾಯಿತು. ಹೊಸ ಕಾನೂನು ಸಿಕ್ಕಿತಲ್ಲ! ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು ಗುಳಿಯ ಮೇಲೆ ಇಟ್ಟಳು. ಮಧ್ಯಾಹ್ನದೊಳಗೆ ಎಲ್ಲ ಮಣೆಗಳಿಗೂ ಆ ಕಾನೂನು ಹಬ್ಬಿತು. ಜಸಿಂತಾ ಟೀಚರ್ ನೋಡಿದರು. ಹಳೇ ಆಟದ ಪೂರ್ತಿ ಪದ್ಧತಿ ಮಕ್ಕಳಿಗೆ ಬಂತಲ್ಲ ಅಂತ ಅವರಿಗೂ ಸಂತೋಷವೇ.

ಆ ವಾರ ಕಳೆದು ಸೊಣ್ಣಮ್ಮ ತಂಗಿಯನ್ನು ನೋಡಲು ಹೋದಳು. ಅವರೆಲ್ಲ ಇದ್ದದ್ದು ಕೋಲಾರದ ಕಡೆ ಚಿನ್ನ ತೆಗೆದು ಕೈಬಿಟ್ಟ ಹಳೆಯ ಗಣಿಯಲ್ಲಿ. ಬಿಸಿಲು ನಡುದಾರಿಯಲ್ಲೇ ಮನುಷ್ಯರನ್ನು ಕೆಡವತೊಡಗಿದ ಮೇಲೆ ಜನ ಒಳಗೆ ಇಳಿದಿದ್ದರು. ತೀರ ಮೇಲಿದ್ದರೆ ಬಿಸಿಲ ಕಾವು, ತೀರ ಕೆಳಗಿಳಿದರೆ ಬಂಡೆಯದೇ ಕಾವು. ನಡುವೆ ಒಂದು ತಂಪಿನ ಪಟ್ಟಿ. ಆ ಪಟ್ಟಿಯಲ್ಲಿ ಹದಿನಾಲ್ಕು ಸುರಂಗ, ಸುರಂಗಕ್ಕೊಂದು ಸಾಲು ಮನೆ. ಹನ್ನೊಂದನೆಯದು ಎಲ್ಲಕ್ಕಿಂತ ದೂರ. ಅಲ್ಲಿಗೆ ಪೈಪು ಹೋಗುವುದೂ ಸುತ್ತಿ ಬಳಸಿಯೇ.

ತಂಗಿ ಚೌಡಮ್ಮ ನಲ್ಲಿಯ ಕೆಳಗೆ ಕೊಡ ಇಟ್ಟುಕೊಂಡು ಕೂತಿದ್ದಳು.

"ಏನೇ ಚೌಡಿ, ಯಾರ ಮೇಲೆ ಮುನಿಸು?"

"ನಂದಲ್ಲಕ್ಕ, ಈ ನಲ್ಲೀದು. ಮೊನ್ನೆಯಿಂದ ಬರೀ ಬುಸ್ ಅಂತದೆ. ಭಾವ ಮದುವೆಯಾದ ಹೊಸದರಲ್ಲಿ ಅಂತಿದ್ನಲ್ಲ, ಹಂಗೆ."

"ಸತ್ತವನನ್ನು ಯಾಕೆ ಎಳೀತೀಯೆ!"

"ಭಾವ ಬುಸ್ ಅಂದ ಮೇಲೆ ಎರಡು ಕೊಡ ನೀರಾದ್ರೂ ತಂದಾಕ್ತಿದ್ದ. ಇದು ಅದನ್ನೂ ಮಾಡವಲ್ದು."

ಅಕ್ಕತಂಗಿ ಇಬ್ಬರೂ ನಕ್ಕರು. ಪೈಪಿನಲ್ಲಿ ಗಾಳಿ ಸೇರಿರಬೇಕು, ರಿಪೇರಿಯವರು ಬರುತ್ತಾರೆ ಅಂದುಕೊಂಡರು. ಸೊಣ್ಣಮ್ಮ ತನ್ನ ಪಾಲಿನಿಂದ ಒಂದು ತಂಬಿಗೆ ತಂದುಕೊಟ್ಟಳು. ಹತ್ತನೇ ಸಾಲಿನವರೂ ಹನ್ನೆರಡನೇ ಸಾಲಿನವರೂ ಒಂದೊಂದು ಕೊಡ ಕೊಟ್ಟರು.

ರಿಪೇರಿಯವರು ಬಂದರು, ಪೈಪಿಗೆ ಕಿವಿಯಿಟ್ಟರು, ಗಾಳಿಯೂ ಇಲ್ಲ ತೂತೂ ಇಲ್ಲ ಅಂದರು. ಮೇಲಿನಿಂದಲೇ ಬಿಡುತ್ತಿಲ್ಲ. ಅಕ್ಕಪಕ್ಕದ ಸಾಲಿನವರು ಕೊಡವನ್ನು ತಂಬಿಗೆ ಮಾಡಿದರು, ತಂಬಿಗೆಯನ್ನು ಲೋಟ ಮಾಡಿದರು, ಆಮೇಲೆ ಬಾಗಿಲು ಹಾಕಿಕೊಂಡರು. ಅವರನ್ನು ಬೈಯುವಂತಿರಲಿಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದವು.

ಆಗಲೇ ಸಂಪಂಗಿಯಿಂದ ಕರೆ ಬಂತು.

ಸಂಪಂಗಿ ನೀರಿನ ಕಂಟ್ರೋಲ್ ರೂಮಿನ ಎಂಜಿನಿಯರ್. ಅವನ ತಾಯಿಯೂ ಸೊಣ್ಣಮ್ಮನೂ ಒಂದೇ ದಿನ ಲಿಫ್ಟಿನಲ್ಲಿ ಇಳಿದು ಬಂದವರು. ಕೋಣೆಯ ಗೋಡೆಯಲ್ಲಿ ಒಂದು ಪರದೆ, ಅದರಲ್ಲಿ ಹದಿನಾಲ್ಕು ನೀಲಿ ಪಟ್ಟಿ. ಒಂದು ಪಟ್ಟಿ ಮಾತ್ರ ಪೂರ್ತಿ ಬರಿದು. ಜಸಿಂತಾ ಟೀಚರ್ ಆಗಲೇ ಬಂದು ಮೂಲೆಯಲ್ಲಿ ಕೂತಿದ್ದರು. ಅತ್ತು ಮುಗಿಸಿದ ಮುಖ.

"ಕೂತ್ಕೊಳ್ಳಮ್ಮ" ಅಂದ ಸಂಪಂಗಿ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಕ್ಕಳಿಗೆ ಮಣೆಯಲ್ಲಿ ಏನಾದ್ರೂ ಹೊಸದು ಹೇಳಿಕೊಟ್ಟೆಯಾ?"

"ಹೊಸದೇನಪ್ಪ? ಹಳೇದೇ. ಕಡ್ಡಿ ಇಡೋದು ಹೇಳಿಕೊಟ್ಟೆ."

ಸಂಪಂಗಿ ಕಣ್ಣು ಮುಚ್ಚಿಕೊಂಡ. ಆಮೇಲೆ ಒಂದೊಂದಾಗಿ ಹೇಳಿದ.

ಕೆಳಗಿನ ಗಣಿಯೆಲ್ಲ ನೀರೇ. ಆದರೆ ಚಿನ್ನ ತೊಳೆದ ವಿಷ ಬೆರೆತ ನೀರು. ಫಿಲ್ಟರಿನಲ್ಲಿ ಸೋಸಿದರೆ ಮಾತ್ರ ಕುಡಿಯಬಹುದು. ಸೋಸಿದ್ದನ್ನು ಹದಿನಾಲ್ಕು ಸಾಲಿಗೆ ಹಂಚುವುದು ಒಂದು ಯಂತ್ರ. ಮೊದಲು ದೊಡ್ಡವರೇ ಹಂಚುತ್ತಿದ್ದರು. ಒಂದು ವರ್ಷ ಪಾಲಿನ ಜಗಳ ಎದ್ದು ವಾಲ್ವಿನ ಹತ್ತಿರ ರಕ್ತ ಹರಿದದ್ದು ಸೊಣ್ಣಮ್ಮನಿಗೂ ನೆನಪಿತ್ತು. ಅವಳ ಗಂಡ ಸತ್ತದ್ದೇ ಆ ಜಗಳದಲ್ಲಿ. ಆಮೇಲೆ ಯಂತ್ರ ಮಾಡಿದರು. ಅದು ತಾನಾಗಿ ಯೋಚನೆ ಮಾಡುವುದಿಲ್ಲ. ಮನುಷ್ಯರು ಹೇಗೆ ಹಂಚುತ್ತಾರೆ ಅನ್ನುವುದನ್ನು ನೋಡಿ ನೋಡಿ ಕಲಿಯುತ್ತದೆ. ದೊಡ್ಡವರನ್ನು ನೋಡಿ ಕಲಿಯಲು ಬಿಟ್ಟರು. ಅದು ದೊಡ್ಡವರ ಹಾಗೇ ಒಂದು ಕಡೆ ಮುಚ್ಚಿಟ್ಟು ಇನ್ನೊಂದು ಕಡೆ ಇಲ್ಲ ಅನ್ನುವುದನ್ನು ಕಲಿಯಿತು.

"ಅದಕ್ಕೇ ಮಕ್ಕಳ ಹತ್ತಿರ ಬಿಟ್ವಿ" ಅಂದ ಸಂಪಂಗಿ. "ಮಣೆಯ ಪ್ರತಿ ಗುಳಿಯ ಕೆಳಗೂ ತೂಕ ನೋಡೋ ಕಣ್ಣು ಇದೆ. ಮಕ್ಕಳು ಬೀಜ ಹೇಗೆ ಹಂಚ್ತಾರೋ ಯಂತ್ರ ನೀರು ಹಂಗೆ ಹಂಚ್ತದೆ. ಇಷ್ಟು ವರ್ಷ ಒಂದು ಜಗಳ ಆಗಿದೆಯಾ ಹೇಳು? ಮಕ್ಕಳು ಗೆಲ್ತಾರೆ, ಸೋಲ್ತಾರೆ, ಆದರೆ ಯಾವ ಗುಳೀನೂ ಬಹಳ ಹೊತ್ತು ಖಾಲಿ ಬಿಡಲ್ಲ. ಆಟ ನಿಲ್ತದಲ್ಲ, ಅದಕ್ಕೆ."

"ಈಗ?"

"ಫಿಲ್ಟರುಗಳು ಒಂದೊಂದೇ ಸಾಯ್ತಾ ಇವೆ. ಹೊಸವು ಬರೋ ದಾರಿ ಇಲ್ಲ. ನೀರು ಕಮ್ಮಿಯಾದಷ್ಟು ಬೀಜಾನೂ ನಾವೇ ತೆಗೆದಿಡ್ತಾ ಬಂದ್ವಿ, ಎರಡೂ ಒಂದೇ ಅಳತೆಯಲ್ಲಿರಲಿ ಅಂತ. ಮಕ್ಕಳು ಎಲ್ಲ ಗುಳಿಗೂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾರೆ ಅಂದ್ಕೊಂಡಿದ್ವಿ. ಅಷ್ಟರಲ್ಲಿ ಕಡ್ಡಿ ಬಂತು. ತುಂಬದೆ ಇರೋದಕ್ಕೆ ಪೂರ್ತಿ ಮುಚ್ಚೋದು ಅಂತ ಯಂತ್ರ ಕಲಿತುಬಿಡ್ತು. ತುಂಬಿಸೋದು ಎಲ್ಲಕ್ಕಿಂತ ಕಷ್ಟ ಇರೋ ಸಾಲು ಯಾವುದು? ಹನ್ನೊಂದು."

ಸೊಣ್ಣಮ್ಮ ಪರದೆಯ ಬರಿದಾದ ಪಟ್ಟಿಯನ್ನು ನೋಡಿದಳು. ಆಮೇಲೆ, "ಕೈಯಲ್ಲಿ ತಿರುಗಿಸಿ ಬಿಡಪ್ಪ" ಅಂದಳು.

"ತಿರುಗಿಸೋ ಚಕ್ರಾನೇ ಇಲ್ಲಮ್ಮ. ಆ ರಕ್ತ ಹರಿದ ವರ್ಷ ಹಿರಿಯರೇ ಕಡಿಸಿ ಕೆಳಗಿನ ನೀರಿಗೆ ಹಾಕಿಸಿದ್ರು. ಒಡೆದು ಬಿಡೋಣ ಅಂದ್ರೆ ಒತ್ತಡ ಇಳಿದು ಹದಿನಾಲ್ಕೂ ಸಾಲಿಗೆ ನಿಲ್ತದೆ."

"ಮಕ್ಕಳಿಗೇ ಹೇಳಿಬಿಡ್ತೀನಿ."

"ಹೇಳಬೇಡಿ ಸೊಣ್ಣಮ್ಮನವರೇ" ಅಂದರು ಜಸಿಂತಾ ಟೀಚರ್. "ಹೇಳಿದ್ರೆ ಮಕ್ಕಳು ಮನೇಲಿ ಹೇಳ್ತಾವೆ. ನಾಳೆಯಿಂದ ಅಪ್ಪ ಅಮ್ಮಂದಿರು ಒಬ್ಬೊಬ್ಬರಿಗೂ ಹೇಳಿ ಕಳಿಸ್ತಾರೆ, ನಮ್ಮ ಗುಳಿ ತುಂಬಿಸ್ಕೊಂಡು ಬಾ ಅಂತ. ಮತ್ತೆ ಅದೇ ಶುರುವಾಗ್ತದೆ. ಈ ಸಲ ಮಕ್ಕಳ ಕೈಯಲ್ಲಿ."

"ಅವರೇ ಆಡ್ತಾ ಆಡ್ತಾ ಕಡ್ಡಿ ಬಿಡಬೇಕು" ಅಂದ ಸಂಪಂಗಿ. "ಬಿಟ್ರೂ ಯಂತ್ರ ತಕ್ಷಣ ಬದಲಾಗಲ್ಲ. ನೂರಾರು ಆಟ ನೋಡಬೇಕು. ಬೇಗ ಏನಾದ್ರೂ ಮಾಡಮ್ಮ. ಹನ್ನೊಂದನೇ ಸಾಲಿನವರು ಮೇಲೆ ಹೋಗೋ ಮಾತಾಡ್ತಾ ಇದ್ದಾರೆ."

ಮೇಲೆ! ಯುಗಾದಿ ಕಳೆದರೆ ಮೇಲೆ ಹಗಲಲ್ಲಿ ಹೆಜ್ಜೆ ಇಡಲಾಗದು. ಬೆಟ್ಟಗಳ ಆಚೆ, ಕಲ್ಲುಕ್ವಾರಿಯೊಳಗೆ ಇನ್ನೊಂದು ವಸತಿ ಇದೆ ಅನ್ನುವ ಸುದ್ದಿ ಮಾತ್ರ ಇತ್ತು. ಹೋಗಿ ಕಂಡು ಬಂದವರು ಯಾರೂ ಇರಲಿಲ್ಲ.

ಸೊಣ್ಣಮ್ಮ ಮೊದಲು ಕಥೆಗೆ ಕೈಹಾಕಿದಳು. ಅವಳಿಗೆ ಬರುತ್ತಿದ್ದದ್ದು ಅದೇ.

ಶನಿವಾರ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಹೇಳಿದಳು. ಒಬ್ಬಳು ತಾಯಿ, ಅವಳಿಗೆ ಹದಿನಾಲ್ಕು ಮಕ್ಕಳು. ಒಳ್ಳೇ ಕಾಲದಲ್ಲಿ ಒಬ್ಬೊಬ್ಬರಿಗೂ ತೆಂಗಿನಕಾಯಿಯಷ್ಟು ದೊಡ್ಡ ರಾಗಿ ಮುದ್ದೆ ಕಟ್ಟುತ್ತಿದ್ದಳು. ರಾಗಿ ಕಮ್ಮಿಯಾಯಿತು, ಕಿತ್ತಳೆಯಷ್ಟು ಕಟ್ಟಿದಳು. ಇನ್ನೂ ಕಮ್ಮಿಯಾಯಿತು, ನಿಂಬೆಯಷ್ಟು. ಆಮೇಲೆ ನೆಲ್ಲಿಕಾಯಿಯಷ್ಟು. ಯಾರ ತಟ್ಟೆಯನ್ನೂ ಬೋರಲು ಹಾಕಲಿಲ್ಲ. ಹದಿನಾಲ್ಕು ಮಕ್ಕಳೂ ಆ ಕಾಲ ದಾಟಿದರು.

ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಕಿತ್ತಳೆ ಅಂದರೆ ಹೇಗಿರುತ್ತದೆ ಅಂತ ಒಬ್ಬ ಕೇಳಿದ. ಯಶೋದಿಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಮುದ್ದೆಯ ಮಾತಿಗೆ ಅವಳು ತುಟಿ ನೆಕ್ಕಿಕೊಂಡಳು.

ತಬಸ್ಸುಮ್ ಮಾತ್ರ ಬೆರಳು ಮಡಚುತ್ತಿದ್ದಳು. "ಅಜ್ಜಿ, ನೆಲ್ಲಿಕಾಯಿಯಷ್ಟು ತಿಂದ್ರೆ ಎಲ್ಲರೂ ಸಾಯ್ತಾರಲ್ಲ? ಒಬ್ಬರಿಗೆ ಕೊಡದೆ ಇದ್ರೆ ಹದಿಮೂರು ಜನಕ್ಕೆ ದೊಡ್ಡದು ಸಿಗ್ತಿತ್ತು. ಟೀಚರ್ ಹೇಳಿದ್ದು ಹಂಗೇ ತಾನೆ? ಇರೋದನ್ನ ಲೆಕ್ಕ ಹಾಕಿ ಬಳಸ್ಬೇಕು ಅಂತ."

ಮಗು ದುಷ್ಟತನದಿಂದ ಹೇಳಿದ್ದಲ್ಲ. ಕಲಿಸಿದ್ದನ್ನೇ ಹೇಳಿತ್ತು.

"ಆ ಒಬ್ಬ ಯಾರಮ್ಮಿ?" ಅಂತ ಕೇಳಿದಳು ಸೊಣ್ಣಮ್ಮ.

"ಯಾರೋ ಒಬ್ಬ. ಸೋತವನು."

ಸೋಮವಾರ ಮಣೆಯ ಮುಂದೆ ಕೂತಾಗ ಮತ್ತೆ ಕಡ್ಡಿ ಬಂತು.

"ಮೊನ್ನೆ ಕಥೆ ಕೇಳಿದ್ರಲ್ಲ?" ಅಂದಳು ಸೊಣ್ಣಮ್ಮ.

"ಅಜ್ಜಿ, ಅದು ಕಥೆ. ಇದು ಆಟ" ಅಂದರು ಎಲ್ಲರೂ ಒಟ್ಟಿಗೆ. ಅಜ್ಜಿಗೆ ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ.

ಮಾರನೆಯ ದಿನ ಅವಳು, "ನಾನು ಹೇಳಿದ್ದು ತಪ್ಪು, ಕಡ್ಡಿ ಇಡೋ ಪದ್ಧತಿ ಇಲ್ಲ" ಅಂದಳು. ತಬಸ್ಸುಮ್ ಕೆರಳಿದಳು. "ಹಂಗಾದ್ರೆ ನಾನು ಇಷ್ಟು ದಿನ ಗೆದ್ದಿದ್ದೆಲ್ಲ ಸುಳ್ಳಾ? ಯಶೋದಿ ನಿಮ್ಮ ಮೊಮ್ಮಗಳು ಅಂತ ಹೇಳ್ತಾ ಇದ್ದೀರಾ. ಅವಳೇ ಹೇಳಲಿ, ಕಡ್ಡಿ ಬೇಕೋ ಬೇಡವೋ."

ಯಶೋದಿ ಅಜ್ಜಿಯನ್ನೂ ಗೆಳತಿಯರನ್ನೂ ನೋಡಿದಳು. "ಬೇಕು" ಅಂದಳು. ಆಟದಲ್ಲಿ ಅಳುಬುರುಕಿ ಅನ್ನಿಸಿಕೊಳ್ಳುವುದು ಯಾವ ಮಗುವಿಗೆ ಬೇಕು? ತನ್ನ ಗುಳಿಗೆ ತಾನೇ ಕಡ್ಡಿ ಇಟ್ಟುಕೊಂಡಳು.

ಸೊಣ್ಣಮ್ಮ ಪೊರಕೆಗಳನ್ನೆಲ್ಲ ಬಚ್ಚಿಟ್ಟಳು. ಮಕ್ಕಳು ಬಳಪ ಇಟ್ಟರು. ಬಳಪ ಕಿತ್ತುಕೊಂಡಳು, ತಲೆಯ ಪಿನ್ನು ಇಟ್ಟರು. ಅದನ್ನೂ ಇಸಿದುಕೊಂಡಳು, ಒಬ್ಬ ಹುಡುಗ ಗುಳಿಯ ಮೇಲೆ ಬೆರಳು ಅಡ್ಡ ಹಿಡಿದು ಆಟ ಮುಗಿಯುವ ತನಕ ಕೂತ. "ಅಜ್ಜಿಗೆ ವಯಸ್ಸಾಯ್ತು, ಆಟ ಮರೆತು ಹೋಗಿದೆ" ಅಂತ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡು ನಕ್ಕರು. ಅವಳೂ ನಕ್ಕಳು.

ಹನ್ನೊಂದನೇ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಯಶೋದಿ ಮಾತ್ರ ಬರುತ್ತಿದ್ದಳು, ಗಂಜಿ ಸಿಗುತ್ತದೆ ಅಂತ. ಅವಳ ಬಟ್ಟೆಯ ವಾಸನೆಗೆ ಪಕ್ಕದ ಮಕ್ಕಳು ಸರಿದು ಕೂರತೊಡಗಿದರು. ಒಂದು ದಿನ ಅವಳು ಗಂಜಿಯ ಬಟ್ಟಲನ್ನು ಮರಳಿನಲ್ಲಿ ಉಜ್ಜದೆ ನಾಲಿಗೆಯಲ್ಲೇ ನೆಕ್ಕಿ ಹಾಕಿದಳು. ಜಸಿಂತಾ ಟೀಚರ್ ಅವಳ ಕೈಮೇಲೆ ಒಂದು ಚುಕ್ಕೆ ಇಟ್ಟು ಆ ಕಡೆ ತಿರುಗಿಕೊಂಡರು.

ಸೊಣ್ಣಮ್ಮ ತಂಗಿಯ ಮನೆಗೆ ಹೋಗಿ, "ಕೂಸನ್ನಾದ್ರೂ ನನ್ನ ಹತ್ತಿರ ಬಿಡೇ" ಅಂದಳು.

"ನಿನ್ನ ಸಾಲಿನವರು ಒಪ್ತಾರಾ?"

ಅವರು ಒಪ್ಪಿರಲಿಲ್ಲ. ಸೊಣ್ಣಮ್ಮ ಕೇಳಿಯೇ ಬಂದಿದ್ದಳು. ಇವತ್ತು ಒಂದು ಮಗು ಅಂದರೆ ನಾಳೆ ಇಡೀ ಸಾಲು ಬರುತ್ತದೆ ಅಂದಿದ್ದರು. ಆದರೂ, "ನನ್ನ ಪಾಲಿನಲ್ಲೇ ಕುಡಿಸ್ತೀನಿ" ಅಂದಳು.

"ನೀನು ಏನು ಕುಡೀತೀಯ, ಬೆವರು?" ಚೌಡಮ್ಮ ಗಂಟು ಕಟ್ಟುತ್ತಾ ಅಂದಳು. ಆ ಮನೆಯಲ್ಲಿ ಆಗಲೇ ಗಂಟುಗಳಿದ್ದವು. "ಅವಳು ನನ್ನ ಬಿಟ್ಟು ಇರಲ್ಲಕ್ಕ. ನಾವೆಲ್ಲ ಮಾತಾಡ್ಕೊಂಡಾಯ್ತು. ಮಂಗಳವಾರ ಮೇಲಕ್ಕೆ ಹೋಗ್ತೀವಿ. ತಡ ಮಾಡಿದಷ್ಟೂ ಬಿಸಿಲು ಏರ್ತದೆ. ಇಲ್ಲಿ ಕೂತು ಸಾಯೋದಕ್ಕಿಂತ ನಡೆದು ನೋಡೋಣ."

"ಇನ್ನೊಂದಷ್ಟು ದಿನ ಕಾಯೇ ಚೌಡಿ. ನೀರು ಬರ್ತದೆ."

"ಯಾರು ಹೇಳಿದ್ರು?"

ನಿಜ ಸೊಣ್ಣಮ್ಮನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಹನ್ನೊಂದನೇ ಸಾಲಿನ ಗಂಡಸರು ನೇರ ಶಾಲೆಗೆ ನುಗ್ಗುತ್ತಾರೆ. ಕಡ್ಡಿ ಇಟ್ಟ ಕೈ ಯಾವುದು ಅಂತ ಕೇಳುತ್ತಾರೆ. ಆ ಕೈಗಳಲ್ಲಿ ಯಶೋದಿಯದೂ ಒಂದು. ಅವಳು ತಂಗಿಯ ಗಂಟಿನ ತುದಿ ಹಿಡಿದುಕೊಟ್ಟಳು.

ಚೌಡಮ್ಮ ನಕ್ಕಳು, ಸೋತ ನಗು. "ಮಕ್ಕಳಿಗೆ ಕಥೆ ಹೇಳಿ ಹೇಳಿ ಈಗ ನನಗೂ ಶುರುಮಾಡಿದೆಯಾ?"

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಸೊಣ್ಣಮ್ಮ ತಬಸ್ಸುಮ್‌ಳನ್ನು ಒಬ್ಬಳನ್ನೇ ಉಳಿಸಿಕೊಂಡಳು. ಬೇರೆ ದಾರಿ ಕಾಣಲಿಲ್ಲ. ಮಕ್ಕಳು ಅಜ್ಜಿಯ ಮಾತು ಮೀರಬಹುದು, ತಬಸ್ಸುಮ್‌ಳ ಮಾತು ಮೀರುತ್ತಿರಲಿಲ್ಲ. ಸಂಪಂಗಿಯೂ ಟೀಚರೂ ಬೇಡ ಅಂದದ್ದು ಅವಳ ಕಿವಿಯಲ್ಲೇ ಇತ್ತು. ಆದರೂ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

"ತಬೂ, ಒಂದು ಮಾತು ಹೇಳ್ತೀನಿ. ಕಥೆ ಅಲ್ಲ. ಮನೇಲಿ ಅಮ್ಮನಿಗೂ ಹೇಳಬಾರದು."

ಎಲ್ಲ ಹೇಳಿದಳು. ಗುಳಿಯ ಕೆಳಗಿನ ತೂಕ, ಯಂತ್ರ, ನಲ್ಲಿ, ಹನ್ನೊಂದನೇ ಸಾಲು. ಯಶೋದಿಯ ತುಟಿ ಯಾಕೆ ಒಡೆದಿದೆ ಅಂತ ಅವಳಿಗೆ ಗೊತ್ತಾದ ಗಳಿಗೆ ಸೊಣ್ಣಮ್ಮನಿಗೆ ಕಂಡಿತು. ಹುಡುಗಿಯ ಕಣ್ಣು ತುಂಬಿದವು. ಇನ್ನೇನು ಯಶೋದಿಯ ಹೆಸರು ಹೇಳಿ ಅಳುತ್ತಾಳೆ ಅಂದುಕೊಂಡಳು.

ತಬಸ್ಸುಮ್ ಮಣೆಯ ಕಡೆ ನೋಡಿದಳು. ನಿಧಾನವಾಗಿ ಕೇಳಿದಳು:

"ನಮ್ಮ ಸಾಲು ಯಾವ ಗುಳಿ ಅಜ್ಜಿ?"

ಸೊಣ್ಣಮ್ಮ ಹುಡುಗಿಯ ಕೈ ಬಿಟ್ಟಳು. ವಾಲ್ವಿನ ಹತ್ತಿರ ಕತ್ತಿ ಹಿಡಿದು ನಿಂತವರೂ ಕೇಳಿದ್ದು ಇದೇ ಮಾತು. ಎಂಟು ವರ್ಷದ ಬಾಯಲ್ಲಿ ಅದು ಇಷ್ಟು ಬೇಗ ಬರುತ್ತದೆ ಅಂತ ಅವಳು ಎಣಿಸಿರಲಿಲ್ಲ.

"ಗೊತ್ತಿಲ್ಲ ಮಗಾ. ಯಾರಿಗೂ ಗೊತ್ತಿಲ್ಲ."

"ಸಂಪಂಗಿ ಅಂಕಲ್‌ಗೆ?"

"ಅವನಿಗೂ ಗೊತ್ತಿಲ್ಲ."

"ಹಂಗಾದ್ರೆ ಇವತ್ತು ನಾನು ಕಡ್ಡಿ ಇಟ್ಟಿದ್ದು ನಮ್ಮದೇ ಇರಬಹುದಾ?"

ನಿಜ ಹೇಳಬೇಕೆಂದರೆ ಗುಳಿಗೂ ಸಾಲಿಗೂ ಹಾಗೆ ಒಂದಕ್ಕೊಂದು ಗಂಟು ಇರಲಿಲ್ಲ. ಯಂತ್ರ ನೋಡುತ್ತಿದ್ದದ್ದು ಕೈಯ ರೀತಿಯನ್ನು, ಗುಳಿಯನ್ನಲ್ಲ. ಸಂಪಂಗಿ ಬಿಡಿಸಿ ಹೇಳಿದ್ದ. ಸೊಣ್ಣಮ್ಮ ಅದನ್ನು ಹುಡುಗಿಗೆ ಬಿಡಿಸಿ ಹೇಳಲಿಲ್ಲ.

"ಇರಬಹುದು" ಅಂದಳು.

ಹುಡುಗಿ ಬ್ಯಾಗು ಎತ್ತಿಕೊಂಡು ಓಡಿದಳು. ನೆಟ್ಟಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಳಂತೆ. ನೀರು ವ್ಯರ್ಥ ಮಾಡ್ತೀಯಾ ಅಂತ ತಾಯಿ ಬೆನ್ನಿಗೊಂದು ಕೊಟ್ಟಳಂತೆ.

ಮಾರನೆಯ ಬೆಳಗ್ಗೆ ತಬಸ್ಸುಮ್ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ರಾತ್ರಿ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಗಿದ್ದವು. ಒಬ್ಬ ಹುಡುಗ ರೂಢಿಯ ಹಾಗೆ ಕಡ್ಡಿ ಮುರಿದು ತಂದ. ಅವಳು ಕಿತ್ತು ಬಿಸಾಕಿದಳು.

"ಇವತ್ತಿಂದ ಕಡ್ಡಿ ಇಲ್ಲ."

"ಯಾಕೆ?"

"ನಾನು ಹೇಳ್ದೆ ಅಂತ."

ಅದೇ ಸಾಕಾಯಿತು. ಅಜ್ಜಿಯ ಕಥೆ ಮಾಡದ್ದನ್ನು ಅವಳ ಗದರಿಕೆ ಮಾಡಿತು. ಎರಡು ಬೀಜ ಇದ್ದರೆ ಎರಡೇ ಇರಲಿ, ಗುಳಿ ಆಟದಲ್ಲೇ ಇರಬೇಕು. ಗೆದ್ದವರು ಗೆದ್ದದ್ದರಲ್ಲಿ ಬರಿದಾದ ಗುಳಿಗೆ ಹಾಕಿಯೇ ಮುಂದೆ ಹೋಗಬೇಕು. ಪಕ್ಕದ ಮಣೆಗಳಿಗೂ ಹೋಗಿ ನಿಂತು ಕಾದಳು. ಒಂದು ಗುಳಿ ಖಾಲಿಯಾದರೆ ಸಾಕು, ಅವಳ ಮುಖ ಬಿಳಚಿಕೊಳ್ಳುತ್ತಿತ್ತು. ಓಡಿ ಬಂದು ತನ್ನ ಪಾಲಿನ ಬೀಜ ಹಾಕುತ್ತಿದ್ದಳು. ಒಂದು ಸಲ ಆತುರಕ್ಕೆ ಬೀಜ ನೆಲಕ್ಕೆ ಚೆಲ್ಲಿದವು. ಅವಳು ಮಂಡಿಯೂರಿ ಒಂದೊಂದನ್ನೂ ಹುಡುಕಿ ತಂದಳು.

"ಇದೆಂಥ ಆಟ? ಯಾರೂ ಗೆಲ್ಲಲ್ಲ" ಅಂತ ಗೊಣಗಿದ ಒಬ್ಬ.

"ಬಾಯಿ ಮುಚ್ಚಿಕೊಂಡು ಆಡು."

ಸೊಣ್ಣಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು. ಮಗು ಮಾಡುತ್ತಿರುವುದು ಕರುಣೆಯಿಂದಲೋ, ತನ್ನ ಮನೆಯ ನಲ್ಲಿ ನಿಂತೀತು ಅನ್ನುವ ಹೆದರಿಕೆಯಿಂದಲೋ ಅವಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಮಣೆಯ ಮುಂದೆ ಕುಲುಕುಲು ನಗುತ್ತಿದ್ದ ಹುಡುಗಿ ಆ ದಿನದಿಂದ ನಗಲಿಲ್ಲ. ಅದನ್ನು ಮಾಡಿದ್ದು ತಾನೇ ಅನ್ನುವುದು ಮಾತ್ರ ಸೊಣ್ಣಮ್ಮನಿಗೆ ಸ್ಪಷ್ಟವಿತ್ತು.

ದಿನವೂ ಶಾಲೆ ಬಿಟ್ಟ ಮೇಲೆ ಅವಳು ಕಂಟ್ರೋಲ್ ರೂಮಿಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಏನಪ್ಪ?"

"ಯಂತ್ರ ಗಮನಿಸ್ತಾ ಇದೆ ಅಮ್ಮ. ಆದರೆ ಇನ್ನೂ ಹಳೇದನ್ನೇ ಹಿಡ್ಕೊಂಡಿದೆ." ಸಂಪಂಗಿಯೂ ಸೊರಗಿದ್ದ. ಗಡ್ಡ ಬೆಳೆದಿತ್ತು. "ಮಕ್ಕಳು ತಾವಾಗೇ ಬಿಟ್ರಾ ಕಡ್ಡೀನ?"

"ಹೂಂ" ಅಂದಳು ಅವಳು.

ಅವನು ಅವಳ ಮುಖ ನೋಡಿದ. ಮುಂದೆ ಕೇಳಲಿಲ್ಲ. ಕೇಳಿ ತಿಳಿದುಕೊಂಡರೆ ಅವನು ಗುಟ್ಟು ತಿಳಿದ ಮಗುವನ್ನು ಮಣೆಯಿಂದ ಎಬ್ಬಿಸಬೇಕಾಗುತ್ತಿತ್ತು.

"ಮಂಗಳವಾರದೊಳಗೆ?"

ಸಂಪಂಗಿ ಆ ಬರಿದಾದ ಪಟ್ಟಿಯ ಮೇಲೆ ಬೆರಳಿಟ್ಟ.

ಮಂಗಳವಾರ ಬೆಳಗಿನ ಜಾವ ಹನ್ನೊಂದನೇ ಸಾಲಿನವರು ಲಿಫ್ಟಿನ ಬಾಯಿಗೆ ಬಂದರು. ಉಳಿದ ಸಾಲಿನವರು ಕೆಲವರು ಬಂದು ದೂರ ನಿಂತರು. ಒಬ್ಬಿಬ್ಬರು ಬಾಟಲಿಯಲ್ಲಿ ನೀರು ತಂದುಕೊಟ್ಟು ತಲೆ ತಗ್ಗಿಸಿಕೊಂಡು ಹೋದರು. ಸೊಣ್ಣಮ್ಮ ಎರಡು ದಿನದ ತನ್ನ ಪಾಲನ್ನು ಒಂದು ಹೂಜಿಯಲ್ಲಿ ತಂದಿದ್ದಳು.

"ಇದನ್ನು ಕೊಟ್ಟು ನೀನು ಇಲ್ಲಿ ಬಿದ್ದು ಹೋಗಬೇಡ" ಅಂದಳು ಚೌಡಮ್ಮ. ಅಂದರೂ ತೆಗೆದುಕೊಂಡಳು. ಬೇಡ ಅನ್ನುವ ಕಾಲ ಮುಗಿದಿತ್ತು.

"ಎರಡು ದಿನ, ಚೌಡಿ. ಎರಡೇ ದಿನ. ನಿನ್ನ ಕಾಲು ಹಿಡೀತೀನಿ."

"ಹೋದ ವಾರವೂ ಇದನ್ನೇ ಅಂದೆ. ಎಲ್ಲರೂ ಹೊರಟು ನಿಂತವ್ರೆ. ನಾನೊಬ್ಬಳು ಮೊಮ್ಮಗಳನ್ನ ಕಟ್ಟಿಕೊಂಡು ಆ ಖಾಲಿ ಸುರಂಗದಲ್ಲಿ ಕೂರಲಾ?"

ಯಶೋದಿಗೆ ಮೇಲೆ ಹೋಗುವುದೇ ಒಂದು ಸಂಭ್ರಮ. "ಅಜ್ಜಿ, ಆಕಾಶ ನೋಡ್ತೀನಿ" ಅಂದಳು. ಆಮೇಲೆ ಸ್ವಲ್ಪ ತಡೆದು, "ನಿನ್ನೆ ನಾನು ತಬೂನ ಸೋಲಿಸ್ದೆ" ಅಂದಳು. ಸೊಣ್ಣಮ್ಮ ಅವಳ ನೆತ್ತಿಗೆ ಮುತ್ತು ಕೊಟ್ಟಳು. ನೆತ್ತಿ ಕಾದಿತ್ತು. ಲಿಫ್ಟು ಹಲವು ಸಲ ಏರಿ ಇಳಿಯಿತು. ಕೊನೆಯ ಸಲ ಬರಿದಾಗಿ ಇಳಿಯಿತು.

ಆ ದಿನ ತಬಸ್ಸುಮ್ ಆಟ ನಿಲ್ಲಿಸಲಿಲ್ಲ. ಎದುರು ಕೂರುವವರಿಲ್ಲದಿದ್ದಾಗ ಎರಡೂ ಕಡೆ ತಾನೇ ಆಡಿದಳು.

ಗುರುವಾರ ಮಧ್ಯಾಹ್ನ ಸಂಪಂಗಿ ಶಾಲೆಗೆ ಓಡಿ ಬಂದ. ಕೈ ಮಾಡಿ ಕರೆದ. ಸೊಣ್ಣಮ್ಮ ಅವನ ಹಿಂದೆ ಹನ್ನೊಂದನೇ ಸಾಲಿಗೆ ಹೋದಳು. ಒಂದೂ ದೀಪ ಇರಲಿಲ್ಲ, ಬಾಗಿಲುಗಳೆಲ್ಲ ತೆರೆದಿದ್ದವು. ಆ ಕತ್ತಲಲ್ಲಿ ಎಲ್ಲ ನಲ್ಲಿಗಳಿಂದಲೂ ನೀರು ಸಣ್ಣಗೆ ಸುರಿಯುತ್ತಿತ್ತು. ಬರುತ್ತದೆಯೋ ಅಂತ ನೋಡಲು ಹೊರಟವರು ತಿರುಗಿಸಿ, ನಿಲ್ಲಿಸದೆ ಹೋಗಿದ್ದರು. ದಾರದಷ್ಟು ನೀರು. ಆದರೆ ನೀರು. ಕಲ್ಲಿನ ಮೇಲೆ ಹರಿದು ಮೋರಿಗೆ ಹೋಗುತ್ತಿತ್ತು.

ಸೊಣ್ಣಮ್ಮ ಒಂದೊಂದೇ ಮನೆಗೆ ಹೋಗಿ ನಲ್ಲಿ ನಿಲ್ಲಿಸಿದಳು. ತಂಗಿಯ ಮನೆಯದನ್ನು ಕೊನೆಗೆ ನಿಲ್ಲಿಸಿದಳು. ಆಮೇಲೆ ಹೊಸ್ತಿಲ ಮೇಲೆ ಕೂತಳು.

"ಎಷ್ಟು ದಿನ ಬರ್ತದೆ ಇದು?"

"ಮಕ್ಕಳು ಹಿಂಗೇ ಆಡ್ತಾ ಇದ್ರೆ ಬರ್ತದೆ. ಆದರೆ ಅಮ್ಮ, ಬಳಸೋರಿಲ್ಲ ಅಂತ ಗೊತ್ತಾದ್ರೆ ಯಂತ್ರ ಈ ಸಾಲನ್ನೇ ಲೆಕ್ಕದಿಂದ ಬಿಡ್ತದೆ. ಉಳಿದವರ ನಲ್ಲಿ ಇವತ್ತು ಸಣ್ಣಗಾಗಿದೆ. ಖಾಲಿ ಸಾಲಿಗೆ ಯಾಕೆ ನೀರು ಅಂತ ಆಗಲೇ ಬಾಯಿ ಮಾಡ್ತಾ ಇದ್ದಾರೆ. ಮತ್ತೆ ಅವರು ಬಂದ್ರೂ ಸಿಗಲ್ಲ."

"ಯಾರಾದ್ರೂ ಮೇಲೆ ಹೋಗಿ ಕರೆದುಕೊಂಡು ಬರಬೇಕು."

"ಕೇಳಿದೆ. ಯಾರೂ ಮುಂದೆ ಬರ್ತಾ ಇಲ್ಲ."

ಯಾಕೆ ಬರುತ್ತಾರೆ? ಅವರು ವಾಪಸ್ ಬಂದರೆ ಇವರ ನಲ್ಲಿ ಸಣ್ಣದಾಗಿಯೇ ಉಳಿಯುತ್ತದೆ. ಮೇಲೆ ಮಧ್ಯಾಹ್ನದ ಬಿಸಿಲು ಆಗಲೇ ಕಲ್ಲು ಕಾಯಿಸುತ್ತಿತ್ತು. ನಡೆಯುವವರು ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ನಡೆದು ಉಳಿದ ಹೊತ್ತು ಬಂಡೆಯ ನೆರಳಲ್ಲಿ ಬಿದ್ದಿರಬೇಕು. ಮಕ್ಕಳು ಮುದುಕರನ್ನು ಕಟ್ಟಿಕೊಂಡವರು ಬಹಳ ದೂರ ಹೋಗಿರಲಾರರು. ಸೊಣ್ಣಮ್ಮ ಇದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದಳು.

ತಾನೇ ಮೇಲೆ ಹೋಗಿ ಕರೆತರುತ್ತೇನೆ ಅಂತ ಅವಳು ಟೀಚರಿಗೆ ಹೇಳಿದಳು, ಸಂಪಂಗಿಗೆ ಹೇಳಿದಳು. ಇಬ್ಬರೂ ಬೇಡ ಅಂದರು. ತಬಸ್ಸುಮ್‌ಗೆ ಹೇಳುವುದಿಲ್ಲ ಅಂದುಕೊಂಡಿದ್ದಳು. ಹುಡುಗಿಗೆ ಹೇಗೋ ತಿಳಿದು ಲಿಫ್ಟಿನ ಹತ್ತಿರ ಬಂದು ನಿಂತಿದ್ದಳು.

"ನಾನು ಆಡ್ತಾನೇ ಇರ್ತೀನಿ ಅಜ್ಜಿ" ಅಂದಳು. "ಯಾವುದೂ ಖಾಲಿ ಬಿಡಲ್ಲ."

ಸೊಣ್ಣಮ್ಮ ಅವಳನ್ನು ಎದೆಗೆ ಒತ್ತಿಕೊಂಡಳು. ಹುಡುಗಿ ಒಂದು ಕ್ಷಣ ಮುಖ ಹುದುಗಿಸಿದಳು, ಆಮೇಲೆ ಬಿಡಿಸಿಕೊಂಡು ಶಾಲೆಯ ಕಡೆ ಓಡಿದಳು. ಮಣೆಯಲ್ಲಿ ಅಷ್ಟರೊಳಗೆ ಯಾವ ಗುಳಿ ಬರಿದಾಯಿತೋ ಅನ್ನುವ ಆತಂಕ ಅವಳಿಗೆ.

ಹನ್ನೊಂದನೇ ಸಾಲಿನವರು ಹೋದದ್ದು ಮಂಗಳವಾರ. ನಲ್ಲಿಗೆ ನೀರು ಬಂದದ್ದು ಗುರುವಾರ. ಅದನ್ನು ಅವರಿಗೆ ಹೇಳಲು ಸೊಣ್ಣಮ್ಮ ಒಬ್ಬಳೇ ಮೇಲಕ್ಕೆ ಹೋದದ್ದು ಶುಕ್ರವಾರ ಬೆಳಗ್ಗೆ, ಬಿಸಿಲು ಏಳುವ ಮೊದಲು.